ಇಂಗ್ಲಿಷ್ ಪೀಠಿಕೆಯ ಪೀಕಲಾಟ

ಪದವಿಯ ಕೊನೆಯ ವರ್ಷ ಬಂತೆಂದರೆ ಅನೇಕ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ವರದಿಯ ಚಿಂತೆ. ಮಾಹಿತಿ ಸಂಗ್ರಹವಾಗಿರುತ್ತದೆ, ಕೋಷ್ಟಕಗಳು ಸಿದ್ಧವಾಗಿರುತ್ತವೆ. 'ಇಂಟ್ರೊಡಕ್ಷನ್' ಎಂಬ ಮೊದಲ ಎರಡು ಪುಟ ಮಾತ್ರ ಮುಂದೆ ಸಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದಕ್ಕೆ ತಮ್ಮ ಇಂಗ್ಲಿಷನ್ನೇ ದೂರುತ್ತಾರೆ. ಕೊನೆಗೆ ಹಿಂದಿನ ವರ್ಷದವರ ವರದಿಯಿಂದಲೋ ಅಂತರಜಾಲದಿಂದಲೋ ನಾಲ್ಕು ಪ್ಯಾರಾ ಎತ್ತಿಕೊಳ್ಳುವುದೂ ಉಂಟು.

ಆದರೆ ತೊಂದರೆ ಬಹುಮಟ್ಟಿಗೆ ಭಾಷೆಯದಲ್ಲ, ಕ್ರಮದ್ದು. ಹೈಸ್ಕೂಲಿನಲ್ಲಿ ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅಲ್ಲಿನ ಪೀಠಿಕೆಗೆ ಒಂದು ಗಾದೆಯೋ, 'ಭಾರತ ಹಳ್ಳಿಗಳ ದೇಶ' ಎಂಬಂಥ ಸಾಲೋ ಇದ್ದರೆ ಸಾಕು. ಅದೇ ರೂಢಿ ಕಾಲೇಜಿಗೂ ಬರುತ್ತದೆ. ಸಂಶೋಧನಾ ಬರಹದ ಪೀಠಿಕೆ ಉತ್ತರಿಸಬೇಕಾದ ಪ್ರಶ್ನೆಯೇ ಬೇರೆ: ಈ ವಿಷಯದ ಮೇಲೆ ಇಷ್ಟೆಲ್ಲ ಜನ ಬರೆದ ಮೇಲೂ ಇನ್ನೊಂದು ಅಧ್ಯಯನ ಏಕೆ ಬೇಕಾಯಿತು?

ಮೂರು ಹೆಜ್ಜೆಗಳು

ಇಂಥ ಪೀಠಿಕೆಗಳ ಒಳರಚನೆಯನ್ನು ಬಿಡಿಸಿ ತೋರಿಸಿದವರು ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್. ಸೂಡಾನಿನ ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳಿಗೆ ಕಲಿಸಿದ ಅನುಭವ ಅವರಿಗಿತ್ತು. ಬೇರೆ ಬೇರೆ ಶಾಸ್ತ್ರಗಳ ಲೇಖನಗಳನ್ನು ಪರಿಶೀಲಿಸಿ, 1981ರಲ್ಲಿ ಅವುಗಳ ಪೀಠಿಕೆಯಲ್ಲಿ ನಾಲ್ಕು ಹೆಜ್ಜೆಗಳನ್ನು ಗುರುತಿಸಿದರು. 1990ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನ್ನು ಮೂರಕ್ಕೆ ಇಳಿಸಿದರು. ಇದೇ 'ಕಾರ್ಸ್' ಮಾದರಿ.

ಮೊದಲ ಹೆಜ್ಜೆ, ವಿಷಯದ ಮಹತ್ವ ಮತ್ತು ಈವರೆಗೆ ತಿಳಿದಿರುವುದನ್ನು ಹೇಳುವುದು. ಎರಡನೆಯದು, ಅದರಲ್ಲಿ ಉಳಿದಿರುವ ತೆರವನ್ನು ತೋರಿಸುವುದು. ಮೂರನೆಯದು, ಆ ತೆರವನ್ನು ತನ್ನ ಅಧ್ಯಯನ ಹೇಗೆ ತುಂಬುತ್ತದೆ ಎಂದು ತಿಳಿಸುವುದು.

ಉದಾಹರಣೆಗೆ, ವಿದ್ಯಾರ್ಥಿನಿಯೊಬ್ಬಳು ಕೋಲಾರದ ಕೆರೆಗಳ ಬಗ್ಗೆ ಬರೆಯುತ್ತಾಳೆ ಎಂದುಕೊಳ್ಳೋಣ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಇದು ಮೊದಲ ಹೆಜ್ಜೆ. ತಾನು ಓದಿದ ವರದಿಗಳು ಅಂತರ್ಜಲದ ಮಟ್ಟವನ್ನಷ್ಟೇ ಅಳೆದಿವೆ, ರೈತರು ಬೆಳೆ ಬದಲಿಸಿದರೇ ಎಂದು ಕೇಳಿಲ್ಲ ಎನ್ನುವುದು ಎರಡನೆಯದು. ಆದ್ದರಿಂದ ಒಂದು ಹಳ್ಳಿಯ 30 ರೈತರನ್ನು ಸಂದರ್ಶಿಸಲಾಗಿದೆ ಎನ್ನುವುದು ಮೂರನೆಯದು.

ಜಾರುವುದು ಎಲ್ಲಿ?

ಬಹಳಷ್ಟು ವಿದ್ಯಾರ್ಥಿಗಳು ಮೊದಲ ಹೆಜ್ಜೆಯಲ್ಲೇ ಒಂದೂವರೆ ಪುಟ ಕಳೆದು, ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ. ಎರಡನೆಯದು ಬಿಟ್ಟೇಹೋಗುತ್ತದೆ. ಇಂಗ್ಲಿಷ್ ಲೇಖನಗಳಲ್ಲಿ 'ಹೌಎವರ್' ಎಂಬ ಪದ ಎಲ್ಲಿ ಬರುತ್ತದೆಂದು ಗಮನಿಸಿದರೆ ಈ ಹೆಜ್ಜೆ ಹಲವು ಬಾರಿ ಅಲ್ಲೇ ಸಿಗುತ್ತದೆ. ಅದು ಕನ್ನಡದ 'ಆದರೆ' ಮಾಡುವ ಕೆಲಸವನ್ನೇ ಮಾಡುತ್ತದೆ.

ತೆರವೆಂದರೆ ಜಗತ್ತಿನಲ್ಲಿ ಯಾರೂ ಮಾಡದ ಕೆಲಸವೆಂದಲ್ಲ. ಸ್ವೇಲ್ಸ್ ನೋಡಿದ್ದು ವಿದ್ವಾಂಸರ ಲೇಖನಗಳನ್ನು. ಪದವಿ ವಿದ್ಯಾರ್ಥಿಗೆ ಒಂದು ಊರು, ಒಂದು ಅವಧಿ, ಕೇಳದೆ ಉಳಿದ ಒಂದು ಪ್ರಶ್ನೆ ಸಾಕು. 'ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ' ಎಂದು ಬರೆದರೆ ಅದನ್ನು ಸಾಬೀತುಪಡಿಸುವ ಹೊಣೆಯೂ ಬರುತ್ತದೆ. ಸಾಹಿತ್ಯದ ಪ್ರಬಂಧಗಳಲ್ಲಂತೂ ಕೃತಿಯ ಬಗ್ಗೆ ತನ್ನ ವಾದವೇನು ಎಂಬುದನ್ನು ಪೀಠಿಕೆಯಲ್ಲೇ ಸ್ಪಷ್ಟಪಡಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಇನ್ನೊಬ್ಬರ ಪೀಠಿಕೆಯನ್ನು ಎತ್ತಿದರೆ ಈ ಎರಡನೆಯ ಹೆಜ್ಜೆಯೇ ಸಿಕ್ಕಿಹಾಕಿಸುತ್ತದೆ. ಅವರ ಪ್ರಶ್ನೆ ಬೇರೆ, ಈ ವರದಿಯ ಉತ್ತರ ಬೇರೆ; ಮೌಖಿಕ ಪರೀಕ್ಷೆಯಲ್ಲಿ 'ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ?' ಎಂದಾಗ ಬಾಯಿ ಕಟ್ಟುತ್ತದೆ.

ಹಾಗಾಗಿ ಬರೆಯುವ ಮುನ್ನ ಮೂರು ವಾಕ್ಯಗಳನ್ನು ಕನ್ನಡದಲ್ಲೇ ಗೀಚಿಕೊಳ್ಳುವುದು ಒಳ್ಳೆಯದು: ಏನು ತಿಳಿದಿದೆ, ಏನು ತಿಳಿದಿಲ್ಲ, ನಾನೇನು ಮಾಡಿದೆ. ವರದಿಯ ಉಳಿದ ಭಾಗ ಮುಗಿದ ಮೇಲೆ ಇವನ್ನು ಮತ್ತೆ ತಿದ್ದಿ ಇಂಗ್ಲಿಷಿನಲ್ಲಿ ಬೆಳೆಸಬಹುದು. ಇಂಗ್ಲಿಷ್ ಬಾರದ ತಂದೆ ತಾಯಿಯೂ ಇಲ್ಲಿ ನೆರವಾಗಬಲ್ಲರು. 'ನಿನ್ನ ಪ್ರಾಜೆಕ್ಟ್ ಯಾಕೆ ಬೇಕಾಯ್ತು, ಹೇಳು ನೋಡೋಣ' ಎಂದು ಕೇಳಿದರಾಯಿತು. ಮನೆಮಾತಿನಲ್ಲಿ ಅದಕ್ಕೆ ಉತ್ತರಿಸಲು ಬಂದರೆ ಪೀಠಿಕೆಯ ಕಷ್ಟದ ಭಾಗ ಮುಗಿದಂತೆ.