ಅಲಂಕಾರಿಕ ಸಿಕ್ಲಿಡ್ ಮೀನುಮರಿಗಳ ಪಾಲನೆ: ಮೊದಲ ಎಂಟು ವಾರಗಳ ಎಚ್ಚರಿಕೆ

ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕಣೆಯು ಸ್ವ-ಸಹಾಯ ಸಂಘಗಳ ಮಹಿಳೆಯರಿಗೂ ಗ್ರಾಮೀಣ ಯುವಜನರಿಗೂ ಒದಗುವ ಉಪಕಸುಬುಗಳಲ್ಲಿ ಒಂದಾಗಿದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂತಹ ಹಿತ್ತಲು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಯಾಯಿತು. ಸಹಾಯಧನದ ಪ್ರಮಾಣ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60. ಅಂದರೆ ಮಹಿಳೆಯೊಬ್ಬರು ಘಟಕ ಆರಂಭಿಸಿದರೂ 1.20 ಲಕ್ಷ ರೂಪಾಯಿ ಅವರದೇ ಉಳಿತಾಯ ಅಥವಾ ಸಾಲದ ಹಣವಾಗಿರುತ್ತದೆ. ಆ ಹಣ ಮರಳಿ ಬರುವುದು ಮರಿಗಳು ಮಾರಾಟದ ಗಾತ್ರಕ್ಕೆ ಆರೋಗ್ಯವಾಗಿ ಬೆಳೆದಾಗ ಮಾತ್ರ.

ಅಮೆಜಾನ್ ನದಿ ಪ್ರದೇಶದ ಏಂಜಲ್ ಮೀನು, ಆಫ್ರಿಕದ ಮಲಾವಿ ಸರೋವರದ ಬಣ್ಣದ ಮೀನುಗಳು ಮತ್ತು ನಮ್ಮ ಕೆರೆಗಳಲ್ಲಿ ಕಾಣುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಎಲ್ಲವೂ ಸಿಕ್ಲಿಡ್ ಕುಟುಂಬಕ್ಕೆ ಸೇರಿವೆ. ಇವುಗಳಲ್ಲಿ ಏಂಜಲ್ ಮೀನಿಗೆ ಬೇಡಿಕೆ ಹೆಚ್ಚು. ಇದರ ಮೊಟ್ಟೆಗಳು ಸುಮಾರು ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಮುಂದಿನ ನಾಲ್ಕೈದು ದಿನ ಮರಿಗಳು ಹೊಟ್ಟೆಯಲ್ಲಿರುವ ಭಂಡಾರದ ಚೀಲದಿಂದಲೇ ಪೋಷಣೆ ಪಡೆದು, ಅನಂತರ ಈಜಲಾರಂಭಿಸುತ್ತವೆ. ಈಜಲಾರಂಭಿಸಿದ ದಿನದಿಂದ ಎಂಟು ವಾರಗಳ ಅವಧಿಯೇ ನಿರ್ಣಾಯಕ. ಈ ಅವಧಿಯಲ್ಲಿ ಕುಂಠಿತಗೊಂಡ ಮರಿಗೆ ಮುಂದೆ ಎಷ್ಟೇ ಆಹಾರ ನೀಡಿದರೂ ಅದು ಉತ್ತಮ ಆಕಾರ ಪಡೆಯುವುದು ಕಷ್ಟ.

ಆಹಾರ

ಮರಿಯ ಹೊಟ್ಟೆ ಅತಿ ಚಿಕ್ಕದು. ಆದ್ದರಿಂದ ಒಮ್ಮೆಗೆ ಹೆಚ್ಚು ಆಹಾರ ಹಾಕುವುದಕ್ಕಿಂತ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ನೀಡುವುದು ಸರಿಯಾದ ಕ್ರಮ. ಆರಂಭದಲ್ಲಿ ಆಗ ತಾನೇ ಹೊರಬಂದ ಆರ್ಟೀಮಿಯ ಮರಿಗಳು ಶ್ರೇಷ್ಠ ಆಹಾರ. ಆರ್ಟೀಮಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಗಾಳಿ ಹಾಯಿಸುತ್ತಾ ಇಟ್ಟರೆ ಸುಮಾರು ಒಂದು ದಿನದಲ್ಲಿ ಮರಿಗಳು ಹೊರಬರುತ್ತವೆ. ಅವುಗಳನ್ನು ಚಿಪ್ಪಿನಿಂದ ಬೇರ್ಪಡಿಸಿ, ಸಿಹಿನೀರಿನಲ್ಲಿ ತೊಳೆದು ನೀಡಬೇಕು. ಮೂರು ನಾಲ್ಕು ವಾರಗಳ ನಂತರ ಪ್ರೋಟೀನ್ ಹೆಚ್ಚಿರುವ ನುಣ್ಣನೆಯ ಪುಡಿ ಆಹಾರವನ್ನು ಕ್ರಮೇಣ ರೂಢಿಸಬಹುದು. ತಿಂದು ಉಳಿದ ಆಹಾರವನ್ನು ಅಂದೇ ತೆಗೆಯದಿದ್ದರೆ ಅದು ಕೊಳೆತು ನೀರನ್ನು ಕೆಡಿಸುತ್ತದೆ.

ಸ್ಥಳ

ಒಂದೇ ತೊಟ್ಟಿಯಲ್ಲಿ ಕಿಕ್ಕಿರಿದ ಮರಿಗಳು ಪರಸ್ಪರ ರೆಕ್ಕೆ ಕಚ್ಚುತ್ತವೆ. ಬಲವಾದವು ಬೆಳೆದು ಉಳಿದವು ಹಿಂದುಳಿಯುತ್ತವೆ. ನಾಣ್ಯದ ಗಾತ್ರಕ್ಕೆ ಬಂದ ಮೇಲೆ ಪ್ರತಿ ಮರಿಗೆ ಕನಿಷ್ಠ 4 ಲೀಟರ್ ನೀರು ದೊರೆಯುವಂತೆ, ಗಾತ್ರವಾರು ವಿಂಗಡಿಸಿ ಬೇರೆ ತೊಟ್ಟಿಗಳಿಗೆ ಬಿಡುವುದು ಅವಶ್ಯ. ಈ ಲೆಕ್ಕದಲ್ಲಿ 100 ಲೀಟರ್ ತೊಟ್ಟಿಗೆ 25 ಮರಿಗಳು ಮಾತ್ರ. ತೊಟ್ಟಿಗಳ ಸಂಖ್ಯೆಯನ್ನು ಲೆಕ್ಕಿಸದೆ ಮೀನುಗಳನ್ನು ಮರಿ ಮಾಡಿಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ನೀರು

ಮೀನುಗಳು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತವೆ. ತೊಟ್ಟಿಯ ಸ್ಪಂಜಿನ ಶೋಧಕದಲ್ಲಿ ನೆಲೆಸುವ ಸೂಕ್ಷ್ಮಾಣುಗಳು ಈ ವಿಷವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಹೊಸ ತೊಟ್ಟಿಗೆ ನೇರವಾಗಿ ಮರಿಗಳನ್ನು ಬಿಡಬಾರದು. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಬೇಕು. ದಿನ ಬಿಟ್ಟು ದಿನ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಬದಲಿಸುವುದರಿಂದ ಬೆಳವಣಿಗೆ ಎದ್ದು ಕಾಣುತ್ತದೆ. ಉಷ್ಣತೆ 26ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕಾದ್ದರಿಂದ ಡಿಸೆಂಬರ್ ಮತ್ತು ಜನವರಿ ರಾತ್ರಿಗಳಲ್ಲಿ ಹೀಟರ್ ಅಗತ್ಯ.

ಬದಲಿಸುವ ನೀರು ಎಲ್ಲಿಂದ ಬರುತ್ತದೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಜನರ ಆರೋಗ್ಯಕ್ಕೆ ಇದು ರಕ್ಷಣೆ. ಆದರೆ ಅದೇ ಪ್ರಮಾಣ ಮೀನುಮರಿಗಳ ಕಿವಿರುಗಳಿಗೆ ಹಾನಿಕರ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ವಾರಗಳ ಶ್ರಮ ಒಂದೇ ದಿನದಲ್ಲಿ ನಷ್ಟವಾಗಬಹುದು. ಇದಕ್ಕಾಗಿ ಕ್ಲೋರಿನೀಕರಣವನ್ನು ಕಡಿಮೆ ಮಾಡುವಂತಿಲ್ಲ. ನೀರನ್ನು ತೆರೆದ ಡ್ರಮ್ಮಿನಲ್ಲಿ 24 ಗಂಟೆ ಗಾಳಿ ಹಾಯಿಸಿ ಇಟ್ಟು ಬಳಸುವುದೇ ಸರಳ ಪರಿಹಾರ. ಆಮ್ಲಜನಕ ಕಡಿಮೆ ಇರುವ ಕೊಳವೆ ಬಾವಿಯ ನೀರಿಗೂ ಇದೇ ಕ್ರಮ ಅನ್ವಯಿಸುತ್ತದೆ. ನೀರು ಬಹಳ ಗಡುಸಾಗಿರುವ ಊರುಗಳಲ್ಲಿ ಏಂಜಲ್ ಮೀನಿನ ಬದಲು ಗಡಸು ನೀರಿಗೆ ಹೊಂದಿಕೊಂಡ ಮಲಾವಿ ಸರೋವರದ ಜಾತಿಗಳನ್ನು ಆಯ್ದುಕೊಳ್ಳುವುದು ಲೇಸು.

ಸದಸ್ಯರು ಗಮನಿಸಬೇಕಾದ ಅಂಶಗಳು

ಮೀನುಗಾರಿಕೆಯು ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸೇರಿದ ವಿಷಯಗಳಲ್ಲಿ ಒಂದು. ಗ್ರಾಮ ಪಂಚಾಯತಿ ಸದಸ್ಯರು ತಮ್ಮ ವಾರ್ಡಿನ ಘಟಕಗಳ ವಿಷಯದಲ್ಲಿ ಕೆಳಕಂಡ ಕ್ರಮಗಳನ್ನು ವಹಿಸಬಹುದು.

1. ಬ್ಲೀಚಿಂಗ್ ಪುಡಿ ಹಾಕುವ ದಿನವನ್ನು ನೀರುಗಂಟಿಯವರು ಘಟಕದವರಿಗೆ ಮುಂಚಿತವಾಗಿ ತಿಳಿಸುವಂತೆ ಸೂಚಿಸುವುದು.

2. ಅರ್ಜಿ ಸಲ್ಲಿಸುವ ಮೊದಲೇ ನೀರಿನ ಗಡಸುತನವನ್ನು ಪರೀಕ್ಷಿಸಿಕೊಳ್ಳಲು ಹಾಗೂ ಸಹಾಯಧನದ ಪ್ರಸ್ತುತ ನಿಯಮಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ತಿಳಿದುಕೊಳ್ಳಲು ಫಲಾನುಭವಿಗಳಿಗೆ ಸಲಹೆ ನೀಡುವುದು.

3. ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಬಿಡದೆ ಕೈತೋಟಕ್ಕೆ ಹಾಯಿಸಲು ತಿಳಿಹೇಳುವುದು. ಅದರಲ್ಲಿರುವ ಸಾರಜನಕ ಗಿಡಗಳಿಗೆ ಗೊಬ್ಬರ.

4. ಮಾರಾಟವಾಗದ ಅಥವಾ ಕುಂಠಿತಗೊಂಡ ಮೀನುಗಳನ್ನು ಕೆರೆ, ಕಟ್ಟೆ, ಹಳ್ಳಗಳಿಗೆ ಯಾರೂ ಬಿಡದಂತೆ ಎಚ್ಚರ ವಹಿಸುವುದು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯ ಇಂದು ಅನೇಕ ಕೆರೆಗಳಲ್ಲಿ ವಿಪರೀತ ಹೆಚ್ಚಿ ಸ್ಥಳೀಯ ಮೀನುಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಂಡಿದೆ. ಒಮ್ಮೆ ಕೆರೆಗೆ ಸೇರಿದ ಹೊರಗಿನ ಮೀನನ್ನು ಮರಳಿ ತೆಗೆಯುವುದು ಬಹುತೇಕ ಅಸಾಧ್ಯ.

ಹದವಾದ ಆಹಾರ, ಸಾಕಷ್ಟು ಸ್ಥಳ, ಶುದ್ಧ ನೀರು: ಈ ಮೂರರಲ್ಲಿ ಮೊದಲಿನ ಎರಡು ಸಾಕುವವರ ಕೈಯಲ್ಲಿವೆ. ಮೂರನೆಯದರಲ್ಲಿ ಗ್ರಾಮ ಪಂಚಾಯತಿಯ ಪಾಲೂ ಇದೆ. ಸಕಾಲದಲ್ಲಿ ನೀಡಿದ ಒಂದು ಮುನ್ಸೂಚನೆಯಿಂದ ಒಂದು ಕುಟುಂಬದ ಬಂಡವಾಳ ಉಳಿಯಬಹುದು.