ಗುಜರಿಯಿಂದ ಎದ್ದ ಬಾಂಬರ್‌ಗಳು

ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದ ವಿಮಾನ
ಮತ್ತೆ ಹಾರಬಲ್ಲದೇ?

ಪೆಸಿಫಿಕ್ ದ್ವೀಪಗಳಲ್ಲಿ
ಎರಡನೇ ಮಹಾಯುದ್ಧದ ಎಷ್ಟೋ ವಿಮಾನಗಳು
ಬಿದ್ದಲ್ಲೇ ಬಳ್ಳಿ ಹಬ್ಬಿಸಿಕೊಂಡಿವೆ.
ಕಾನ್ಪುರದಲ್ಲಿ ಗುಜರಿಗೆ ಬಿದ್ದ ವಿಮಾನಗಳ ಕಥೆ ಬೇರೆ.
ಆ ಕಥೆ ಬದಲಿಸಿದ್ದು ಬೆಂಗಳೂರು.

ಬಿ-24 ಲಿಬರೇಟರ್.
ಅಮೆರಿಕದ ಬಾಂಬರ್, ನಾಲ್ಕು ಎಂಜಿನ್.
ರೆಕ್ಕೆಯ ಅಗಲ 33 ಮೀಟರ್:
ಮೂರು ಬಿಎಂಟಿಸಿ ಬಸ್ಸು ಒಂದರ ಹಿಂದೊಂದು ನಿಂತಷ್ಟು!

ಇವು ಬ್ರಿಟಿಷರಿಗೆ ಯುದ್ಧಕಾಲದ ಒಪ್ಪಂದದಲ್ಲಿ ಬಂದವು.
ಯುದ್ಧ ಮುಗಿದರೆ ಮರಳಿಸಬೇಕು,
ಇಲ್ಲವೇ ಹಾಳುಗೆಡವಬೇಕು.
ಕಾನ್ಪುರದಲ್ಲಿ ಬ್ರಿಟಿಷರು ಎರಡನೆಯದನ್ನೇ ಮಾಡಿದರು.
ಉಪಕರಣ ಒಡೆದರು.
ಮೈಗೆ ತೂತು ಕೊರೆದರು.
ಎಂಜಿನ್ನಿಗೆ ಮರಳು ಸುರಿದರು.
ಇನ್ನು ಹಾರಲಾರವು ಎಂಬ ಲೆಕ್ಕ.

1948.
ಹೊಸ ದೇಶದ ವಾಯುಪಡೆಗೆ ಭಾರೀ ಬಾಂಬರ್ ಬೇಕು.
ಕೊಳ್ಳಲು ದುಡ್ಡು ಕಡಿಮೆ.

ಗುಜರಿಯ ಬಾಂಬರ್‌ಗಳನ್ನು ಎಬ್ಬಿಸುವ ಕೆಲಸ ಬಂದದ್ದು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ.
1940ರಲ್ಲಿ ಶುರುವಾದ ಈ ಕಾರ್ಖಾನೆ
ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿತ್ತು.
ಕೈ ಪಳಗಿತ್ತು.

ತಂತ್ರಜ್ಞರು ಕಾನ್ಪುರಕ್ಕೆ ಹೋದರು.
ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಿದರು.
ಪೂರ್ತಿ ರಿಪೇರಿ ಅಲ್ಲ,
ಬೆಂಗಳೂರು ಮುಟ್ಟುವಷ್ಟು ಮಾತ್ರ!

ಅವನ್ನು ಹಾರಿಸಿದ್ದು
ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ.
ಸುಮಾರು 1500 ಕಿಲೋಮೀಟರ್, ತೇಪೆ ಹಾಕಿದ ವಿಮಾನದಲ್ಲಿ.
ಗುಂಡಿಗೆ ಗಟ್ಟಿ ಇರಲೇಬೇಕು.

ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿ.
ಹೀಗೆ ನಲವತ್ತರಷ್ಟು ಬಾಂಬರ್‌ಗಳು ಎದ್ದು ನಿಂತವು.
1948ರ ನವೆಂಬರ್‌ನಲ್ಲೇ
ಇವುಗಳಿಂದ 5ನೇ ಸ್ಕ್ವಾಡ್ರನ್ ಶುರು.

ಸೇವೆ ನಡೆದದ್ದು 1968ರವರೆಗೆ.
ಆಮೇಲೆ ಕೆಲವು
ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂ ಸೇರಿದವು.
ಅಲ್ಲಿಗೂ ಹಾರಿಕೊಂಡೇ ಹೋದವು.