ನ್ಯಾಟ್ ವಿಮಾನದ ರೆಕ್ಕೆ ನಾಲ್ಕು ಮಿಲಿಮೀಟರ್ ಉದ್ದ!

ನನ್ನ ಎಚ್‌ಎಂಟಿ ಜನತಾ ವಾಚು ರಿಪೇರಿಗೆ ಹೋಗಿ ಮೂರು ತಿಂಗಳಾಯಿತು. ಕೊಟ್ಟಿದ್ದು ತುಮಕೂರಿನ ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿರುವ ಅಂಗಡಿಗೆ. ಅಂಗಡಿ ಅನ್ನೋದು ದೊಡ್ಡ ಮಾತು; ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಒಂದು ಟೇಬಲ್ ಲ್ಯಾಂಪು. ಯಜಮಾನರು ಒಂದು ಕಾಲದಲ್ಲಿ ನಮ್ಮೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ವಿ.ಆರ್.ಎಸ್. ತಗೊಂಡು ಹೊರಗೆ ಬಂದು ಈ ಮೇಜು ಹಾಕಿಕೊಂಡರು. ಫ್ಯಾಕ್ಟರಿ 2016ರಲ್ಲಿ ಮುಚ್ಚಿತು. ಮೇಜು ಮಾತ್ರ ಇನ್ನೂ ಇದೆ.

ಮೊನ್ನೆ ಮಳೆಗಾಲದಲ್ಲಿ ವಾಚು ಕೇಳೋಣ ಅಂತ ಹೋದೆ. ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತಿದ್ದರು. ಸರಿ, ನನ್ನದೇ ಕೆಲಸ ನಡೀತಿದೆ ಅಂದುಕೊಂಡು ಖುಷಿಯಾಯಿತು. ಇಣುಕಿ ನೋಡಿದರೆ ಕೈಯಲ್ಲಿದ್ದದ್ದು ವಾಚಲ್ಲ, ಕೆಂಪು ಪ್ಲಾಸ್ಟಿಕ್ಕಿನ ಅರ್ಧ ವಿಮಾನ!

"ಏನ್ ಯಜಮಾನ್ರೇ, ಮೊಮ್ಮಕ್ಕಳಿಗಾ?" ಅಂದೆ.

"ಅಲ್ಲ ಸ್ವಾಮಿ, ನಮ್ಮಣ್ಣಯ್ಯಂಗೆ. ಎಂಬತ್ತು ದಾಟಿದೆ."

ಅಣ್ಣನ ಫ್ಯಾಕ್ಟರಿ, ತಮ್ಮನ ಫ್ಯಾಕ್ಟರಿ

ಕತೆ ಹೀಗಿದೆ. ಅಣ್ಣ 1963ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದವರು. ಆಗಿನ್ನೂ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಮರುವರ್ಷ ಅಕ್ಟೋಬರಿನಲ್ಲಿ ಎಚ್‌ಎಎಲ್ ಆಯಿತು. ಅಲ್ಲಿ ಅವರಿದ್ದದ್ದು ನ್ಯಾಟ್ ಯುದ್ಧವಿಮಾನಕ್ಕೆ ರೆಕ್ಕೆ ಕೂರಿಸುವ ಗ್ಯಾಂಗಿನಲ್ಲಿ.

ನ್ಯಾಟ್ ಅಂದರೆ ಇಂಗ್ಲಿಷಿನಲ್ಲಿ ನುಸಿ. ಹೆಸರಿಗೆ ತಕ್ಕ ಹಾಗೆ ಪುಟ್ಟ ಜೆಟ್ಟು. ಇಂಗ್ಲೆಂಡಿನ ಫಾಲಂಡ್ ಕಂಪನಿಯ ಪೆಟ್ಟರ್ ಅನ್ನುವ ಇಂಜಿನಿಯರ್ ಇದರ ನಕ್ಷೆ ಹಾಕಿದವರು. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗ್ತಿವೆ, ದುಬಾರಿಯಾಗ್ತಿವೆ, ಚಿಕ್ಕದು ಅಗ್ಗದ್ದು ಯಾಕಾಗಬಾರದು ಅನ್ನೋದು ಅವರ ವಾದ. (ಆ ಪುಣ್ಯಾತ್ಮ ಆಮೇಲೆ ವಿಮಾನದ ಸಹವಾಸವನ್ನೇ ಬಿಟ್ಟು ಸ್ವಿಟ್ಜರ್ಲೆಂಡಿನ ಒಂದು ಧಾರ್ಮಿಕ ಪಂಗಡ ಸೇರಿಕೊಂಡರು.) ಬ್ರಿಟಿಷ್ ವಾಯುಪಡೆ ಇದನ್ನು ಯುದ್ಧಕ್ಕೆ ತಗೊಳ್ಳಲಿಲ್ಲ. ತಗೊಂಡಿದ್ದು ನಾವು. 1958ರಲ್ಲಿ ಮೊದಲ ನ್ಯಾಟ್ ನಮ್ಮ ವಾಯುಪಡೆಗೆ ಬಂತು, ಅದೂ ಇನ್ನೊಂದು ದೊಡ್ಡ ವಿಮಾನದ ಹೊಟ್ಟೆಯೊಳಗೆ ಕೂತು! ಬೆಂಗಳೂರಿನಲ್ಲೇ ಮಾಡಿದ ಭಾಗಗಳಿಂದ ಜೋಡಿಸಿದ ಮೊದಲ ನ್ಯಾಟ್ ಹಾರಿದ್ದು 1962ರ ಮೇನಲ್ಲಿ. ಕೊನೆಯದನ್ನು ವಾಯುಪಡೆಗೆ ಒಪ್ಪಿಸಿದ್ದು 1974ರ ಜನವರಿಯಲ್ಲಿ.

1965ರ ಯುದ್ಧದ ಹೊತ್ತಿಗೆ ಈ ನುಸಿಯ ಹೆಸರು ಮನೆಮಾತಾಯಿತು. ಡೆನ್ಜಿಲ್ ಕೀಲರ್, ಟ್ರೆವರ್ ಕೀಲರ್ ಅನ್ನುವ ಅಣ್ಣತಮ್ಮಂದಿರಿಬ್ಬರೂ ಇದೇ ನ್ಯಾಟ್ ಹಾರಿಸಿ ವೀರಚಕ್ರ ಪಡೆದರು. ಎಲ್ಲಾ ಹೊಗಳಿಕೆಯೇ ಅಂತಲ್ಲ. ಫಿರಂಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹೈಡ್ರಾಲಿಕ್ ಕೈಕೊಡುತ್ತಿತ್ತು. ಸೆಪ್ಟೆಂಬರ್ 3ರಂದು ಒಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಸೆರೆಯೂ ಆಯಿತು. ಅದು ಕರಾಚಿಯ ಮ್ಯೂಸಿಯಂ ಸೇರಿದೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಆರು ಸೇಬರ್ ಜೆಟ್‌ಗಳು ಎರಗಿದಾಗ, ಒಬ್ಬರೇ ಎದುರಿಸಿ ಪ್ರಾಣ ಕೊಟ್ಟ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ಹಾರಿಸಿದ್ದೂ ನ್ಯಾಟೇ. ವಾಯುಪಡೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ ಅವರದು.

ಅಣ್ಣನಿಗೆ ಈಗ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಅವರ ಮೊಮ್ಮಗ ಓದೋಕೆ ಅಂತ ಇಂಗ್ಲೆಂಡಿಗೆ ಹೋದವನು ಅಲ್ಲಿನ ಅಂಗಡಿಯಲ್ಲಿ ಏರ್‌ಫಿಕ್ಸ್ ಕಂಪನಿಯ ಡಬ್ಬ ಒಂದನ್ನು ನೋಡಿದ. ಮೇಲೆ ನ್ಯಾಟ್ ಅಂತ ಬರೆದಿತ್ತು. ತಾತನ ವಿಮಾನ ಅಂತ ಆಸೆಯಿಂದ ಕಳಿಸಿದ. ಅಣ್ಣ ಅದನ್ನು ತಮ್ಮನಿಗೆ ಕೊಟ್ಟು, "ಸಣ್ಣ ಕೆಲಸದ ಕೈ ನಿಂದು. ನೀನೇ ಜೋಡಿಸಿಕೊಡಪ್ಪ" ಅಂದರು.

ಇಲ್ಲೇ ಇರೋದು ಫಜೀತಿ. ಡಬ್ಬದಲ್ಲಿದ್ದದ್ದು ನ್ಯಾಟೇ, ಸುಳ್ಳಲ್ಲ. ಆದರೆ ಬ್ರಿಟಿಷರು ಪೈಲಟ್‌ಗಳಿಗೆ ತರಬೇತಿ ಕೊಡೋಕೆ ಮಾಡಿಸಿಕೊಂಡ ಎರಡು ಸೀಟಿನ ನ್ಯಾಟು. ಅಲ್ಲಿನ ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಆಕಾಶದಲ್ಲಿ ಕಸರತ್ತು ಮಾಡುತ್ತಿದ್ದದ್ದು ಅದರಲ್ಲೇ. ಬೆಂಗಳೂರಿನದು ಒಂಟಿ ಸೀಟು. ಅದಕ್ಕೆ ಫಿರಂಗಿ ಇತ್ತು, ಇದಕ್ಕಿಲ್ಲ. ಇದರ ರೆಕ್ಕೆ ದೊಡ್ಡದು, ಅದರದು ಚಿಕ್ಕದು.

ಒಂಟಿ ಸೀಟಿನ ಕಿಟ್ ಸಿಗೋದೇ ಇಲ್ವಾ ಅಂತ ಕೇಳಿದೆ. ಝೆಕ್ ದೇಶದ ಒಂದು ಕಂಪನಿ ಮಾಡುತ್ತದಂತೆ, ತರಿಸಬಹುದಂತೆ. "ಆದ್ರೆ ಹುಡುಗ ದುಡ್ಡು ಉಳಿಸಿ ಕಳಿಸಿದಾನೆ ಸ್ವಾಮಿ. ನಿಂದು ಬೇಡ, ಬೇರೆ ತರಿಸ್ತೀವಿ ಅಂತ ಹೆಂಗನ್ನೋದು?" ಅಂದರು. ಹಾಗಾಗಿ ಅವರದನ್ನೇ ಕತ್ತರಿಸಿ ನಮ್ಮದು ಮಾಡುವ ತೀರ್ಮಾನ.

ಮೂಗಿನೊಳಗೆ ಹಲ್ಲುಚಕ್ರ

ಓದುಗರಲ್ಲಿ ಕೆಲವರಿಗೆ ಇದು ಮಕ್ಕಳಾಟ ಅನ್ನಿಸಬಹುದು. ನನಗೂ ಅನ್ನಿಸಿತ್ತು. ನಾಲ್ಕು ಸಂಜೆ ಆ ಮೆಟ್ಟಿಲ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತ ಮೇಲೆ ಅಭಿಪ್ರಾಯ ಬದಲಾಯಿತು.

ಈ ಮಾದರಿ ಎಪ್ಪತ್ತೆರಡರಲ್ಲಿ ಒಂದರ ಅಳತೆಯದು. ಲೆಕ್ಕ ಸುಲಭ: ಆರಡಿ ಆಳು ಇಲ್ಲಿ ಒಂದಿಂಚು. ಇಡೀ ವಿಮಾನ ಒಂದು ಗೇಣೂ ಬರೋದಿಲ್ಲ. ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಗೊಂಚಲಿನ ಹಾಗೆ ಅಂಟಿಕೊಂಡಿರುತ್ತವೆ. ಮುರಿಯಬಾರದು, ಕತ್ತರಿಸಿ ತೆಗೆಯಬೇಕು. ಮುರಿದರೆ ಭಾಗದ ಅಂಚೇ ಕಿತ್ತು ಬರುತ್ತದೆ. ಅಂಟು ಅಂದರೆ ಗೋಂದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಣ. ಜಾಸ್ತಿ ಹಚ್ಚಿದಿರೋ, ಮೈಯೆಲ್ಲ ಕರಗಿ ಮೇಣದ ಬತ್ತಿಯಂತಾಗುತ್ತದೆ.

ಯಜಮಾನರು ಅಕ್ಕಸಾಲಿಗರ ಗರಗಸ ತಗೊಂಡು ಮೂಗಿನ ಹಿಂದೆ ಒಂದು ಚೂರನ್ನೇ ಕುಯ್ದು ತೆಗೆದರು. ಮುಂದಿನ ತುಂಡು, ಹಿಂದಿನ ತುಂಡು ಸೇರಿಸಿದರೆ ಒಂದಕ್ಕೊಂದು ಕೂರಲಿಲ್ಲ, ಹಿಂದಿನದು ದಪ್ಪ. ಸಂದಿಗೆ ಲಪ್ಪ ತುಂಬಿ, ಒಣಗಿಸಿ, ನೀರು ಹಚ್ಚಿದ ಎಮರಿ ಪೇಪರಿನಲ್ಲಿ ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ... ಹೀಗೆ ಎಂಟು ದಿನ. ನಡುವೆ ಗಿರಾಕಿ ಬಂದರೆ ಸೆಲ್ ಹಾಕಿಕೊಡೋದು, ಬೆಲ್ಟ್ ಬದಲಾಯಿಸೋದು. ಈಗ ವಾಚ್ ಅಂಗಡಿಯ ವ್ಯಾಪಾರ ಅಷ್ಟೇ, ಅಂಗಡಿಯವರಿಗೆ ಗೊತ್ತೇ ಇದೆ.

ಎರಡು ಸೀಟಿನ ಉದ್ದ ಗಾಜಿನ ಮುಚ್ಚಳ ಉಪಯೋಗಕ್ಕೆ ಬರಲಿಲ್ಲ. ಮರದ ಚೂರನ್ನು ಕೆತ್ತಿ ಒಂಟಿ ಸೀಟಿನ ಮುಚ್ಚಳದ ಅಚ್ಚು ಮಾಡಿದರು. ಸ್ವೀಟ್ ಡಬ್ಬದ ಪಾರದರ್ಶಕ ಮುಚ್ಚಳವನ್ನು ಒಲೆಯ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಅಚ್ಚಿನ ಮೇಲೆ ಒತ್ತಿದರು. ಮೂರು ಡಬ್ಬ ಸುಟ್ಟುಹೋಯಿತು. ನಾಲ್ಕನೆಯದು ಚೆನ್ನಾಗಿ ಬಂತು, ಆದರೆ ತಕ್ಷಣ ಹಿಡಿಯುವ ಗಮ್ ಹಾಕಿದ್ದರಿಂದ ಅದರ ಹಬೆ ಹೊಡೆದು ಗಾಜೆಲ್ಲ ಬಿಳಿಚಿಕೊಂಡಿತು. ಐದನೆಯದಕ್ಕೆ ಬಡಗಿಗಳ ಬಿಳಿ ಗೋಂದು ಹಾಕಿ ಗೆದ್ದರು. (ಮನೆಯಲ್ಲಿ ಅಮ್ಮಾವ್ರು ಏನಂದರು ಅಂತ ಕೇಳಲಿಲ್ಲ. ಮೈಸೂರುಪಾಕು ಇಷ್ಟೊಂದು ಯಾಕೆ ಬರ್ತಿದೆ ಅಂತ ಅವರಿಗೆ ಗೊತ್ತಾಗಿರಬೇಕು.)

ಫಿರಂಗಿ? ನ್ಯಾಟಿನ ಎರಡು 30 ಮಿಲಿಮೀಟರ್ ಫಿರಂಗಿಗಳು ಇರುವುದು ಗಾಳಿ ಒಳಹೋಗುವ ಬಾಯಿಗಳ ಹೊರಮಗ್ಗುಲಲ್ಲಿ, ಎಡಕ್ಕೊಂದು, ಬಲಕ್ಕೊಂದು. ಅಲ್ಲಿ ಸಣ್ಣ ಗಾಡಿ ಕೊರೆದು, ಇಂಜೆಕ್ಷನ್ ಸೂಜಿಯ ತುಂಡು ಕೂರಿಸಿದರು. ಇನ್ನು ಮೂರು ಗಾಲಿಯ ಮೇಲೆ ನಿಲ್ಲಿಸಿದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತಿತ್ತು. ಅದಕ್ಕೆ ಮೂಗಿನೊಳಗೆ ಭಾರ ಬೇಕು. ಯಜಮಾನರ ಹತ್ತಿರ ಭಾರಕ್ಕೇನು ಬರ? ಹಳೇ ವಾಚುಗಳ ಹಿತ್ತಾಳೆ ಹಲ್ಲುಚಕ್ರಗಳನ್ನು ಒಂದು ಚಮಚ ತುಂಬಿ ಮುಚ್ಚಿದರು.

ಮೇಲೆ ಬೆಳ್ಳಿ ಬಣ್ಣ, ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟನ್ನೇ ಬಟ್ಟೆಯಲ್ಲಿ ಸೋಸಿ ತೆಳ್ಳಗೆ ಎರಡು ಸಲ. ಕೇಸರಿ ನಡುವೆ, ಬಿಳಿ ಸುತ್ತ, ಹಸಿರು ಹೊರಗೆ, ಹೀಗೆ ವಾಯುಪಡೆಯ ಗುಂಡು ಗುರುತು. ಮುಗಿದಾಗ ಬೀದಿಯವರೆಲ್ಲ ನೋಡಿ ಹೋದರು. ಎಳನೀರು ಮಾರುವವನು ಎರಡು ಸಲ ಬಂದ.

"ಯಾರಿಗ್ ಗೊತ್ತಾಗುತ್ತೆ?"

ಒಂದು ಕೆಲಸ ಮಾತ್ರ ಹಾಗೇ ಉಳಿದಿತ್ತು. ತರಬೇತಿ ನ್ಯಾಟಿನ ರೆಕ್ಕೆ ತುದಿಯಿಂದ ತುದಿಗೆ 24 ಅಡಿ, ಅಂದರೆ ಮಾದರಿಯಲ್ಲಿ ಸರಿಯಾಗಿ ನಾಲ್ಕಿಂಚು. ನಮ್ಮದು 22 ಅಡಿ ಚಿಲ್ಲರೆ. ಒಂದೊಂದು ಕಡೆ ನಾಲ್ಕು ಮಿಲಿಮೀಟರ್ ಜಾಸ್ತಿ. ತುದಿ ಕತ್ತರಿಸಿದರೆ ಆಕಾರ ಕೆಡುತ್ತದೆ. ಬುಡದಲ್ಲಿ ಕುಯ್ಯಬೇಕು, ಅಗಲವನ್ನೂ ಉಜ್ಜಿ ಇಳಿಸಬೇಕು. ರೆಕ್ಕೆ ಆಗಲೇ ಅಂಟಿಸಿ ಆಗಿತ್ತು, ಬಣ್ಣವೂ ಆಗಿತ್ತು.

"ಬಿಡ್ಲಾ, ಕುಯ್ಲಾ?" ಅಂತ ನನ್ನನ್ನು ಕೇಳಿದರು.

ನಾನು ಹೇಳಿದ್ದನ್ನು ಇಲ್ಲಿ ಬರೆಯೋಕೆ ಸ್ವಲ್ಪ ನಾಚಿಕೆ. "ಬಿಡಿ ಯಜಮಾನ್ರೇ, ಅಣ್ಣಾವ್ರಿಗೆ ಕಣ್ಣು ಕಾಣಲ್ಲ. ನಾಲ್ಕು ಮಿಲಿಮೀಟರು ಯಾರಿಗ್ ಗೊತ್ತಾಗುತ್ತೆ?" ಅಂದುಬಿಟ್ಟೆ. ಅವರು ಮಾತಾಡಲಿಲ್ಲ. ಮರುದಿನ ಷೂ ಡಬ್ಬದಲ್ಲಿ ಹತ್ತಿ ಹಾಸಿ, ವಿಮಾನ ಇಟ್ಟುಕೊಂಡು ಬೆಂಗಳೂರು ಬಸ್ ಹತ್ತಿದರು.

ಸಂಜೆಯೇ ವಾಪಸ್. ಡಬ್ಬವೂ ವಾಪಸ್.

ಆಗಿದ್ದೇನೆಂದರೆ, ಅಣ್ಣ ವಿಮಾನವನ್ನು ತೊಡೆ ಮೇಲಿಟ್ಟುಕೊಂಡು ಮೊದಲು ಮುಟ್ಟಿದ್ದೇ ರೆಕ್ಕೆ. ಹೆಬ್ಬೆರಳನ್ನು ಬುಡದಿಂದ ತುದಿವರೆಗೆ ಎಳೆದರು. ಮತ್ತೆ ಈ ಕಡೆ ಎಳೆದರು. ಮತ್ತೆ ಮೂಗಿಗೂ ರೆಕ್ಕೆಗೂ ಗೇಣು ಹಾಕಿ ನೋಡಿದರು.

"ಲೋ, ಇದು ನಮ್ದಲ್ಲ ಕಣೋ," ಅಂದರಂತೆ.

ಅಷ್ಟೇ. ಬೈಯಲಿಲ್ಲ, ಇನ್ನೇನೂ ಕೇಳಲಿಲ್ಲ. ಕಾಫಿ ಕುಡಿಸಿ, ಮೊಮ್ಮಗನ ಪರೀಕ್ಷೆ ವಿಷಯ ಮಾತಾಡಿದರಂತೆ.

"ನ್ಯಾಟ್‌ಗೆ ಏಣಿ ಬೇಕಿರ್ಲಿಲ್ಲ ಸ್ವಾಮಿ," ಅಂತ ಯಜಮಾನರು ಗರಗಸ ಹುಡುಕುತ್ತಾ ಹೇಳಿದರು. "ನೆಲದ ಮೇಲೆ ನಿಂತೇ ಎಲ್ಲಾ ಕೆಲಸ. ರೆಕ್ಕೆ ಎದೆಮಟ್ಟ ಬರ್ತಿತ್ತಂತೆ. ವರ್ಷಗಟ್ಲೆ ಅದನ್ನ ತಬ್ಕೊಂಡೇ ಕೆಲಸ ಮಾಡಿರೋನು. ಅವನ ಕೈಗೆ ಸುಳ್ಳು ಹೇಳೋಕೆ ಹೋದ್ನಲ್ಲ." ಹೇಳಿಕೊಟ್ಟವನು ನಾನು, ಆದರೆ ನನ್ನ ಹೆಸರು ಅವರು ಎತ್ತಲಿಲ್ಲ.

ಗರಗಸ ರೆಕ್ಕೆಯ ಬುಡಕ್ಕೆ ಇಳಿಯಿತು. ಬೆಳ್ಳಿ ಬಣ್ಣದ ಪುಡಿ ಮೇಜಿನ ಮೇಲೆ ಉದುರಿತು. ಎರಡೂ ರೆಕ್ಕೆ ಹೊರಬಂದವು. ಕುಯ್ದು, ಹಿಂದಿನ ಅಂಚು ಉಜ್ಜಿ, ಮತ್ತೆ ಕೂರಿಸುವಾಗ ಇನ್ನೊಂದು ತಾಪತ್ರಯ: ನ್ಯಾಟಿನ ರೆಕ್ಕೆಯ ತುದಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಎರಡೂ ಕಡೆ ಒಂದೇ ಸಮ ಬಾಗಬೇಕು. ರಟ್ಟಿನಲ್ಲಿ ಅಳತೆ ಕತ್ತರಿಸಿ, ಕೆಳಗೆ ಆಸರೆ ಕೊಟ್ಟು, ರಾತ್ರಿಯಿಡೀ ಹಾಗೇ ಬಿಟ್ಟರು. ಬಾಲದ ನೆಟ್ಟಗಿನ ರೆಕ್ಕೆಯೂ ತರಬೇತಿ ವಿಮಾನದಲ್ಲಿ ದೊಡ್ಡದು. ಅದನ್ನೂ ತಗ್ಗಿಸಿದರು. ಈ ಸಲ ಯಾರನ್ನೂ ಕೇಳಲಿಲ್ಲ.

ಎರಡನೇ ಸಲ

ಹೋದ ಭಾನುವಾರ ನಾನೂ ಜೊತೆಗೆ ಹೋದೆ, ತಪ್ಪಿನಲ್ಲಿ ಪಾಲುದಾರ ನೋಡಿ. ಬಸ್ ತುಂಬಿತ್ತು. ಯಜಮಾನರು ಡಬ್ಬವನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ಏನ್ರೀ ಅದು, ಕೇಕಾ?" ಅಂದ ಕಂಡಕ್ಟರ್.

"ವಿಮಾನ ಕಣಪ್ಪ."

"ವಿಮಾನಕ್ಕೆ ಲಗೇಜ್ ಹಾಕೋ ರೂಲ್ಸ್ ನಮ್ಮತ್ರ ಇಲ್ಲ ಬಿಡಿ," ಅಂತ ಹೇಳಿ ಒಂದು ಸೀಟು ಬಿಡಿಸಿಕೊಟ್ಟ.

ಅಣ್ಣನ ಮನೆ ಇರೋದು ಹಳೇ ವಿಮಾನ ನಿಲ್ದಾಣದ ರಸ್ತೆಯ ಒಂದು ಗಲ್ಲಿಯಲ್ಲಿ. ಕುರ್ಚಿಯಲ್ಲಿ ಕೂತಿದ್ದವರು ಕೈ ಚಾಚಿದರು. ತಮ್ಮ ವಿಮಾನ ಇಟ್ಟರು. ಹೆಬ್ಬೆರಳು ಮತ್ತೆ ರೆಕ್ಕೆಗೇ ಹೋಯಿತು. ಬುಡದಿಂದ ತುದಿ, ಆ ಕಡೆ ಈ ಕಡೆ. ನಾನು ಉಸಿರು ಬಿಗಿಹಿಡಿದಿದ್ದೆ ಅಂದರೆ ನಂಬಬೇಕು.

ಬೆರಳು ಮುಂದಕ್ಕೆ ಹೋಗಿ ಗಾಳಿಬಾಯಿ ತಡಕಿತು. ಸೂಜಿ ತುಂಡು ಸಿಕ್ಕಿತು.

"ಗನ್ನೂ ಇಟ್ಟಿದೀಯಾ!"

ಆಮೇಲೆ ಅವರನ್ನು ಹಿಡಿಯೋರು ಯಾರು? ಚಕ್ರ ಮುಟ್ಟಿದರು, ಹಾರುವಾಗ ಇದೇ ಚಕ್ರವನ್ನು ಅರ್ಧ ಇಳಿಸಿದರೆ ಬ್ರೇಕ್ ಆಗುತ್ತಿತ್ತು, ಇದಕ್ಕೆ ಬೇರೆ ಗಾಳಿ ಬ್ರೇಕೇ ಇರಲಿಲ್ಲ ಅಂತ ವಿವರಿಸಿದರು. 1975ರಲ್ಲಿ ಹಾರಿದ ಅಜೀತ್ ಇದರದೇ ತಮ್ಮ, ಅದರ ರೆಕ್ಕೆಯೊಳಗೇ ಇಂಧನ ತುಂಬುತ್ತಿದ್ದರು ಅಂದರು. ಸೊಸೆ ಊಟಕ್ಕೆ ಎರಡು ಸಲ ಕರೆದರು.

"ಯಾವ ಬಣ್ಣ ಹಾಕಿದೀಯೋ?"

"ಬೆಳ್ಳಿ ಬಣ್ಣ ಅಣ್ಣಯ್ಯ."

"ಹೂಂ. ಪಟ್ಟೆ ಪಟ್ಟೆ ಬಣ್ಣ ಎಲ್ಲ ಆಮೇಲಿಂದು. ನಮ್ಮ ಶೆಡ್ಡಲ್ಲಿ ಬೆಳ್ಳಿನೇ."

ಊಟ ಮಾಡುವಾಗಲೂ ವಿಮಾನ ಅವರ ಎಡಗೈ ಪಕ್ಕದಲ್ಲೇ ಇತ್ತು.

ವಾಪಸ್ ಬರುವಾಗ ನೆಲಮಂಗಲ ದಾಟಿದ ಮೇಲೆ ಮೆಲ್ಲಗೆ ನನ್ನ ವಾಚಿನ ವಿಷಯ ತೆಗೆದೆ. ಯಜಮಾನರು ಕಿಟಕಿಯಾಚೆ ನೋಡುತ್ತಾ, ಸ್ವಲ್ಪ ತಡೆದು ಹೇಳಿದರು:

"ಸವೆದುಹೋದ ಚಕ್ರ ಒಂದು ತೆಗೆದಿದ್ದೆ ಸ್ವಾಮಿ ನಿಮ್ದು. ಅದೇ ಅಳತೆದು ಹುಡುಕಬೇಕು. ಸ್ಯಾಂಪಲ್ ಬೇಕಿತ್ತು, ಏನ್ಮಾಡೋದು, ಅದು ವಿಮಾನದ ಮೂಗೊಳಗೆ ಹೋಗ್ಬಿಟ್ಟಿದೆ."